ತೆಗೆಯದೆ ಬಿಟ್ಟ ರಕ್ತ: ಫಿಲಿಪೀನ್ಸ್‌ನ ಡೆಂಗಿ ಲಸಿಕೆ ಪ್ರಕರಣ

2016ರ ಏಪ್ರಿಲ್. ಫಿಲಿಪೀನ್ಸ್ ರಾಜಧಾನಿ ಮನಿಲಾಕ್ಕೆ ಅಂಟಿಕೊಂಡಿರುವ ಮರಿಕಿನಾದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಸಾಲಾಗಿ ನಿಂತು ತೋಳು ಚಾಚಿದರು. ನಾಲ್ಕನೇ ಕ್ಲಾಸಿನವರು, ಒಂಬತ್ತು ವರ್ಷ ತುಂಬಿದವರು. ಅವರಿಗೆ ಹಾಕಿದ್ದು ಡೆಂಗ್ವಾಕ್ಸಿಯಾ. ಡೆಂಗಿಗೆ ಪರವಾನಗಿ ಸಿಕ್ಕ ಜಗತ್ತಿನ ಮೊದಲ ಲಸಿಕೆ ಅದು. ಫ್ರಾನ್ಸಿನ ಸನೋಫಿ ಕಂಪನಿ ತಯಾರಿಸಿದ್ದು. ಆರು ತಿಂಗಳಿಗೊಂದರಂತೆ ಮೂರು ಡೋಸ್. ಸರ್ಕಾರ ಇದಕ್ಕೆ 350 ಕೋಟಿ ಪೆಸೊ ತೆಗೆದಿಟ್ಟಿತ್ತು. ಮುಂದಿನ ಒಂದೂವರೆ ವರ್ಷದಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕನಿಷ್ಠ ಒಂದು ಡೋಸ್ ಆದರೂ ಸಿಕ್ಕಿತು.

ಮಕ್ಕಳ ವಯಸ್ಸು ಕೇಳಿದರು. ಜ್ವರ ಇದೆಯಾ ಅಂತ ನೋಡಿದರು. ಅಪ್ಪ ಅಮ್ಮನ ಒಪ್ಪಿಗೆ ಸಹಿ ತಗೊಂಡರು. ಒಂದು ಸಂಗತಿಯನ್ನು ಮಾತ್ರ ಯಾರೂ ಪರೀಕ್ಷೆ ಮಾಡಲಿಲ್ಲ: ಈ ಮಗುವಿಗೆ ಹಿಂದೆ ಎಂದಾದರೂ ಡೆಂಗಿ ಬಂದಿತ್ತಾ, ಇಲ್ವಾ?

ಈ ಪ್ರಕರಣವೆಲ್ಲ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ಅದಕ್ಕೆ ಉತ್ತರ ಮಗುವಿನ ರಕ್ತದಲ್ಲಿರುವ ಪ್ರತಿಕಾಯಗಳಲ್ಲಿ, ಅಂದರೆ ಆಂಟಿಬಾಡಿಗಳಲ್ಲಿ ಇತ್ತು. ಲಸಿಕೆ ಹಾಕುವ ಮೊದಲು ಎರಡು ಎಂ.ಎಲ್. ರಕ್ತ ತೆಗೆದು ನೋಡಬೇಕಿತ್ತು, ಅಷ್ಟೇ. ಆ ರಕ್ತ ತೆಗೆಯದೆ ಇದ್ದದ್ದಕ್ಕೆ ಕಾರಣಗಳಿದ್ದವು, ಅವನ್ನೂ ಹೇಳುತ್ತೇನೆ. ಆದರೆ ಅದರ ಬೆಲೆ ತುಂಬಾ ದೊಡ್ಡದಾಯಿತು.

ಎರಡನೇ ಸಲದ ಡೆಂಗಿ ಯಾಕೆ ಬೇರೆ

ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ನಮಗೆಲ್ಲ ಗೊತ್ತಿರುವ ಲೆಕ್ಕ ಅದು. ಡೆಂಗಿ ಹಾಗಲ್ಲ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇವೆ. ಯಾವುದೋ ಒಂದು ಬಗೆ ಬಂದು ಹೋದರೆ ಅದರಿಂದ ಬಹುಕಾಲ ರಕ್ಷಣೆ ಸಿಗುತ್ತದೆ. ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ. ಆಮೇಲೆ ಇನ್ನೊಂದು ಬಗೆಯ ಡೆಂಗಿ ಬಂದರೆ ಹಳೆಯ ಪ್ರತಿಕಾಯಗಳು ಹೊಸ ವೈರಸ್‌ಗೆ ಅರೆಬರೆ ಅಂಟಿಕೊಳ್ಳುತ್ತವೆ. ಕೊಲ್ಲುವ ಶಕ್ತಿ ಇರುವುದಿಲ್ಲ. ಬದಲಿಗೆ ವೈರಸ್ಸಿಗೆ ರಕ್ತದ ಕೆಲವು ಜೀವಕೋಶಗಳ ಒಳಗೆ ಹೋಗಲು ದಾರಿ ಮಾಡಿಕೊಡುತ್ತವೆ. ಮನೆ ಕಾಯಬೇಕಾದವನೇ ಕಳ್ಳನ ಕೈ ಹಿಡಿದು ಒಳಗೆ ಕರೆತಂದ ಹಾಗೆ. ವೈರಸ್ ವಿಪರೀತ ಬೆಳೆಯುತ್ತದೆ, ರಕ್ತನಾಳಗಳಿಂದ ನೀರು ಸೋರುತ್ತದೆ, ಬಿ.ಪಿ. ಕುಸಿಯುತ್ತದೆ.

ಎರಡನೇ ಸಲ ಬಂದವರೆಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಹೆಚ್ಚಿನವರು ಆರಾಮಾಗಿಯೇ ಗುಣವಾಗುತ್ತಾರೆ. ಆದರೆ ಗಂಭೀರ ಡೆಂಗಿ ಆದವರನ್ನು ಎಣಿಸಿದರೆ ಅವರಲ್ಲಿ ಎರಡನೇ ಸಲದವರೇ ಜಾಸ್ತಿ. ಮೂರನೇ, ನಾಲ್ಕನೇ ಸಲ ಸಾಮಾನ್ಯವಾಗಿ ಹಗುರವಾಗಿ ಹೋಗುತ್ತದೆ.

ಇದನ್ನು ಮೊದಲು ಹಿಡಿದವರಲ್ಲಿ ಮುಖ್ಯರು ಅಮೆರಿಕದ ವೈದ್ಯ ಸ್ಕಾಟ್ ಹಾಲ್ಸ್ಟೆಡ್. 1960ರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡುತ್ತಾ ಮಾಡುತ್ತಾ ಅವರಿಗೆ ಈ ನಂಟು ಕಂಡಿತು. ಆಮೇಲೆ ಕ್ಯೂಬಾದಲ್ಲಿ ನಡೆದದ್ದು ಇದಕ್ಕೆ ದೊಡ್ಡ ಸಾಕ್ಷಿ. ಅಲ್ಲಿ 1977ರಲ್ಲಿ ಒಂದನೇ ಬಗೆಯ ಡೆಂಗಿ ಹಬ್ಬಿತು. ಜ್ವರ ಬಂತು, ಹೋಯಿತು. 1981ರಲ್ಲಿ ಎರಡನೇ ಬಗೆ ಬಂತು. ಈ ಸಲ 3,44,203 ಮಂದಿಗೆ ಜ್ವರ, 158 ಸಾವು, ಅದರಲ್ಲಿ 101 ಮಕ್ಕಳು. ಮೊದಲ ಅಲೆ ಮುಗಿದ ಮೇಲೆ ಹುಟ್ಟಿದ್ದ ಒಂದೆರಡು ವರ್ಷದ ಕೂಸುಗಳಲ್ಲಿ ಗಂಭೀರ ರೂಪ ಹೆಚ್ಚುಕಡಿಮೆ ಕಾಣಲೇ ಇಲ್ಲ. ಆ ಕೂಸುಗಳಿಗೆ ಅದು ಮೊದಲ ಡೆಂಗಿ.

ಈಗ ಲಸಿಕೆಯ ವಿಚಾರಕ್ಕೆ ಬನ್ನಿ. ಡೆಂಗ್ವಾಕ್ಸಿಯಾದಲ್ಲಿರುವುದು ಸತ್ವ ಕುಗ್ಗಿಸಿದ ಜೀವಂತ ವೈರಸ್. ಹಾಗಾಗಿ ಲಸಿಕೆಯೇ ಒಂದು ಸಣ್ಣ ಸೋಂಕಿನ ಹಾಗೆ. ಒಮ್ಮೆ ಡೆಂಗಿ ಬಂದು ಹೋಗಿದ್ದ ಮಗುವಿಗೆ ಈ ಲಸಿಕೆ 'ಎರಡನೇ ಸೋಂಕು' ಆಗುತ್ತದೆ. ಅಪಾಯವಿಲ್ಲದ ಎರಡನೇ ಸೋಂಕು. ಮುಂದೆ ಸೊಳ್ಳೆ ಕಚ್ಚಿ ಬರುವುದು ಮೂರನೆಯದರ ಲೆಕ್ಕಕ್ಕೆ ಸೇರುತ್ತದೆ. ಆ ಮಗುವಿಗೆ ಇದು ವರ. ಆದರೆ ಡೆಂಗಿಯನ್ನೇ ಕಾಣದ ಮಗುವಿಗೆ ಲಸಿಕೆ 'ಮೊದಲ ಸೋಂಕು' ಆಗಿಬಿಡುತ್ತದೆ. ಮುಂದೆ ಸೊಳ್ಳೆಯಿಂದ ಬರುವ ನಿಜವಾದ ಮೊದಲ ಡೆಂಗಿ ಎರಡನೆಯದರ ಹಾಗೆ ವರ್ತಿಸಬಹುದು.

ಒಂದೇ ಸಿರಿಂಜು, ಒಂದೇ ಔಷಧಿ. ಒಂದು ಮಗುವಿಗೆ ಕಾವಲು, ಪಕ್ಕದಲ್ಲಿ ನಿಂತ ಮಗುವಿಗೆ ಅಪಾಯ. ಇಬ್ಬರನ್ನೂ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ಬಾಯಿ ಮಾತಲ್ಲಿ ಕೇಳಿದರೆ ಆಗ್ತಿರಲಿಲ್ವಾ

ಆಗುತ್ತಿರಲಿಲ್ಲ. ಡೆಂಗಿ ಸೋಂಕು ತಗುಲಿದ ನಾಲ್ವರಲ್ಲಿ ಸುಮಾರು ಮೂವರಿಗೆ ಹೇಳಿಕೊಳ್ಳುವಂಥ ಜ್ವರವೇ ಬರುವುದಿಲ್ಲ. ಅಥವಾ ಎರಡು ದಿನ ಮೈ ಬಿಸಿಯಾಗಿ ಹೋಗುತ್ತದೆ, ಮಳೆಯಲ್ಲಿ ನೆಂದದ್ದಕ್ಕೆ ಅಂತ ಅಮ್ಮ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸುತ್ತಾಳೆ. ಅದೇ ರೀತಿ, ಡೆಂಗಿ ಆಗಿತ್ತು ಅಂತ ಹೇಳುವವರಲ್ಲಿ ಅನೇಕರಿಗೆ ಆಗಿದ್ದು ಬೇರೆ ಯಾವುದೋ ಜ್ವರ. ಪ್ಲೇಟ್‌ಲೆಟ್ ಕಡಿಮೆಯಾದ ಜ್ವರಕ್ಕೆಲ್ಲ ಡೆಂಗಿ ಅನ್ನುವ ರೂಢಿ ನಮ್ಮಲ್ಲೂ ಇದೆಯಲ್ವಾ.

ಹಾಗಾಗಿ ರಕ್ತವನ್ನೇ ಕೇಳಬೇಕು. ರಕ್ತ ಎರಡು ರೀತಿ ಉತ್ತರ ಕೊಡುತ್ತದೆ.

ಜ್ವರ ಬಂದಾಗಲೇ ಕೇಳುವುದು ಒಂದು. ಮೊದಲ ಸಲದ ಡೆಂಗಿಯಲ್ಲಿ ಸುಮಾರು ಐದನೇ ದಿನಕ್ಕೆ ಐಜಿಎಂ ಅನ್ನುವ ಪ್ರತಿಕಾಯ ಏಳುತ್ತದೆ. ಐಜಿಜಿ ಅನ್ನುವ ಇನ್ನೊಂದು ಪ್ರತಿಕಾಯ ನಿಧಾನ, ಎರಡನೇ ವಾರದ ಹೊತ್ತಿಗೆ ತಲೆ ಎತ್ತುತ್ತದೆ. ಎರಡನೇ ಸಲ ಹಾಗಲ್ಲ. ಹಳೆಯ ನೆನಪಿರುವ ಜೀವಕೋಶಗಳು ಎದ್ದು ಕೂರುತ್ತವೆ. ಜ್ವರದ ಮೊದಲ ವಾರದಲ್ಲೇ ಐಜಿಜಿ ಗಗನಕ್ಕೇರುತ್ತದೆ, ಐಜಿಎಂ ಮಂಕಾಗಿರುತ್ತದೆ. ಕೆಲವರಲ್ಲಿ ಕಾಣುವುದೇ ಇಲ್ಲ. ಎರಡರ ಪ್ರಮಾಣ ಹೋಲಿಸಿ ನೋಡಿದರೆ ಇದು ಹೊಸದೋ ಮರುಸೋಂಕೋ ಅಂತ ಅಂದಾಜಿಸಬಹುದು. ಐಜಿಎಂ ನೆಗೆಟಿವ್ ಇದೆ, ಹಾಗಾದರೆ ಡೆಂಗಿ ಅಲ್ಲ ಅಂತ ಸಮಾಧಾನ ಪಡುವುದು ಇದೇ ಕಾರಣಕ್ಕೆ ತಪ್ಪು. ಹೆಚ್ಚು ಎಚ್ಚರ ಬೇಕಾದ ಎರಡನೇ ಸಲದವರೇ ಆ ಗುಂಪಿನಲ್ಲಿ ಇರಬಹುದು.

ಇನ್ನೊಂದು, ಆರೋಗ್ಯವಾಗಿರುವಾಗ ಕೇಳುವುದು. ಹಿಂದೆ ಎಂದೋ ಬಂದಿತ್ತಾ ಅಂತ. ಇದು ಕಷ್ಟದ ಕೆಲಸ. ಹಳೆ ಸೋಂಕಿನ ಐಜಿಜಿ ವರ್ಷಗಟ್ಟಲೆ ಇರುತ್ತದೆ ನಿಜ, ಆದರೆ ಕಡಿಮೆ ಮಟ್ಟದಲ್ಲಿ. ಲ್ಯಾಬ್‌ಗಳಲ್ಲಿ ಐದಾರು ಹನಿ ಹಾಕಿ ಗೆರೆ ನೋಡುವ ರ‍್ಯಾಪಿಡ್ ಕಾರ್ಡ್ ಇದೆಯಲ್ಲ, ಅಂಥ ಕೆಲವು ಕಿಟ್‌ಗಳಲ್ಲಿ ಐಜಿಜಿ ಗೆರೆಯನ್ನು ಬೇಕೆಂತಲೇ ಎತ್ತರದ ಮಟ್ಟಕ್ಕೆ ಹೊಂದಿಸಿರುತ್ತಾರೆ. ಎರಡನೇ ಸೋಂಕಿನ ಭಾರೀ ಏರಿಕೆಯನ್ನು ಹಿಡಿಯಲಿ ಅಂತ. ಹತ್ತು ವರ್ಷದ ಹಿಂದಿನ ಡೆಂಗಿಯನ್ನು ಹುಡುಕಲು ಆ ಕಾರ್ಡ್ ತಯಾರಾದದ್ದೇ ಅಲ್ಲ. 

ಮೇಲಾಗಿ ಈ ವೈರಸ್‌ಗಳ ಬಳಗ ದೊಡ್ಡದು. ಡೆಂಗಿ, ಝೀಕಾ, ಜಪಾನೀಸ್ ಮೆದುಳು ಜ್ವರ, ಹಳದಿ ಜ್ವರ ಎಲ್ಲ ಒಂದೇ ಕುಲ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ ಕೂಡ ಇವರ ನೆಂಟನೇ. ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ತೋರಿಸಬಹುದು. ಮೆದುಳು ಜ್ವರದ ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಈ ಗೊಂದಲ ಆಗುತ್ತದೆ. ಕರ್ನಾಟಕದ ಹಲವು ಜಿಲ್ಲೆಗಳ ಮಕ್ಕಳಿಗೂ ಆ ಲಸಿಕೆ ಬಿದ್ದಿದೆ.

ಇವೆಲ್ಲಕ್ಕಿಂತ ನಂಬಿಕಸ್ಥ ಪರೀಕ್ಷೆ ಒಂದಿದೆ. ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ನಾಲ್ಕೂ ಬಗೆಯ ವೈರಸ್ಸನ್ನು ಬೇರೆ ಬೇರೆಯಾಗಿ ಬಿಟ್ಟು, ಆ ವ್ಯಕ್ತಿಯ ರಕ್ತದ ಸೀರಂ, ಅಂದರೆ ಪ್ರತಿಕಾಯಗಳಿರುವ ತಿಳಿ ದ್ರವ, ಯಾವುದನ್ನು ತಡೆಯುತ್ತದೆ ಅಂತ ನೋಡುವುದು. ಒಂದೇ ಬಗೆಯನ್ನು ತಡೆದರೆ ಒಂದು ಸಲ ಸೋಂಕು ಆಗಿದೆ. ಹಲವನ್ನು ತಡೆದರೆ ಒಂದಕ್ಕಿಂತ ಹೆಚ್ಚು ಸಲ. ಯಾವುದನ್ನೂ ತಡೆಯದಿದ್ದರೆ ಡೆಂಗಿ ಕಂಡೇ ಇಲ್ಲ. ಆದರೆ ಇದಕ್ಕೆ ಒಳ್ಳೆಯ ಲ್ಯಾಬ್ ಬೇಕು, ದಿನಗಳು ಬೇಕು, ಪಳಗಿದ ಕೈ ಬೇಕು. ಶಾಲೆಯ ಅಂಗಳದಲ್ಲಿ ಎಂಟು ಲಕ್ಷ ಮಕ್ಕಳಿಗೆ ಮಾಡುವ ಮಾತಲ್ಲ.

ಇದೇ ಆ ಕಾರಣ. ಅಗ್ಗದ, ಬೇಗ ಫಲಿತಾಂಶ ಕೊಡುವ, ನಂಬಬಹುದಾದ ಪರೀಕ್ಷೆ 2016ರಲ್ಲಿ ಕೈಯಲ್ಲಿರಲಿಲ್ಲ. ಇದನ್ನು ಒಪ್ಪುತ್ತೇನೆ. ಆದರೆ ಪರೀಕ್ಷೆ ಇಲ್ಲ ಅನ್ನುವುದು ಲಸಿಕೆಯನ್ನು ತಡವಾಗಿ ಕೊಡಲು ಕಾರಣವಾಗಬೇಕಿತ್ತು, ಕಣ್ಣು ಮುಚ್ಚಿ ಕೊಡಲು ಅಲ್ಲ.

ಒಂಬತ್ತು ವರ್ಷ ಅನ್ನುವ ಗೆರೆ

ಲಸಿಕೆಯನ್ನು ಸುಮ್ನೆ ಮಾರುಕಟ್ಟೆಗೆ ಬಿಟ್ಟಿರಲಿಲ್ಲ. ದೊಡ್ಡ ಪ್ರಯೋಗಗಳು ನಡೆದಿದ್ದವು. ಏಷ್ಯಾದ ಐದು ದೇಶಗಳಲ್ಲಿ 2ರಿಂದ 14 ವರ್ಷದ 10,275 ಮಕ್ಕಳು. ಲ್ಯಾಟಿನ್ ಅಮೆರಿಕದ ಕಡೆ ಐದು ಕಡೆಗಳಲ್ಲಿ 9ರಿಂದ 16 ವರ್ಷದ 20,869 ಮಕ್ಕಳು. ಮೂವರಲ್ಲಿ ಇಬ್ಬರಿಗೆ ಲಸಿಕೆ, ಒಬ್ಬರಿಗೆ ಖಾಲಿ ಚುಚ್ಚುಮದ್ದು. ಮೊದಲ ಫಲಿತಾಂಶ ಚೆನ್ನಾಗೇ ಇತ್ತು. ಒಟ್ಟಾರೆ ರಕ್ಷಣೆ ಏಷ್ಯಾದಲ್ಲಿ ಶೇ 56.5, ಲ್ಯಾಟಿನ್ ಅಮೆರಿಕದ ಕಡೆ ಶೇ 60.8.

ಮೂರನೇ ವರ್ಷ ಒಂದು ಅಪಶಕುನ ಕಂಡಿತು. ಏಷ್ಯಾದ ಪ್ರಯೋಗದಲ್ಲಿ 2ರಿಂದ 5 ವರ್ಷದ ಮಕ್ಕಳಲ್ಲಿ ಲಸಿಕೆ ಪಡೆದ 15 ಮಕ್ಕಳು ಡೆಂಗಿಯಿಂದ ಆಸ್ಪತ್ರೆ ಸೇರಿದರು. ಲಸಿಕೆ ಪಡೆಯದವರಲ್ಲಿ ಒಂದೇ ಮಗು. ಎರಡು ಗುಂಪಿನ ಗಾತ್ರ ಸರಿದೂಗಿಸಿದರೂ ಅಪಾಯ ಸುಮಾರು ಏಳು ಪಟ್ಟು.

ಇದಕ್ಕೆ ಎರಡು ಅರ್ಥ ಇರಬಹುದಿತ್ತು. ಒಂದು, ಚಿಕ್ಕ ಮಕ್ಕಳ ಮೈ ಈ ಲಸಿಕೆಗೆ ಇನ್ನೂ ಮಾಗಿಲ್ಲ. ಎರಡು, ಚಿಕ್ಕ ಮಕ್ಕಳಿಗೆ ಇನ್ನೂ ಡೆಂಗಿಯೇ ಬಂದಿಲ್ಲ. ಎಷ್ಟು ಕಡಿಮೆ ವಯಸ್ಸೋ ಅಷ್ಟು ಕಡಿಮೆ ಸೊಳ್ಳೆ ಕಡಿತ, ಅಲ್ವಾ. ಎರಡನ್ನೂ ಬಿಡಿಸಿ ನೋಡಲು ಒಂದೇ ದಾರಿ. ಲಸಿಕೆ ಹಾಕುವ ಮೊದಲು ತೆಗೆದಿಟ್ಟ ರಕ್ತವನ್ನು ಹೊರಗೆ ತೆಗೆದು, ಆಸ್ಪತ್ರೆ ಸೇರಿದ ಮಕ್ಕಳಿಗೆ ಮೊದಲೇ ಡೆಂಗಿ ಬಂದಿತ್ತಾ ಅಂತ ನೋಡುವುದು.

ಆ ರಕ್ತ ಇರಲಿಲ್ಲ. 31,000 ಮಕ್ಕಳಲ್ಲಿ ಲಸಿಕೆಗೆ ಮುಂಚೆ ರಕ್ತ ತೆಗೆದದ್ದು ಪ್ರತಿ ಪ್ರಯೋಗದಲ್ಲಿ ಸುಮಾರು 2,000 ಮಕ್ಕಳದ್ದು ಮಾತ್ರ. ಅದರಲ್ಲೂ ಹೆಚ್ಚಿನವರಿಗೆ ಆಗಲೇ ಡೆಂಗಿ ಬಂದುಹೋಗಿತ್ತು. ಡೆಂಗಿ ಕಾಣದ ಮಕ್ಕಳು ಕೆಲವು ನೂರು. ಆಸ್ಪತ್ರೆಗೆ ಸೇರುವಷ್ಟು ಕಾಯಿಲೆ ಅಪರೂಪಕ್ಕೆ ಆಗುವಂಥದ್ದು. ಅಷ್ಟು ಕಡಿಮೆ ಮಕ್ಕಳಲ್ಲಿ ಲೆಕ್ಕ ನಿಲ್ಲುವುದಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲಿದೆ. ರಾಜಕೀಯ, ಹಣ, ಆತುರ, ಇವೆಲ್ಲ ಆಮೇಲೆ. ಎರಡನೇ ಸಲದ ಡೆಂಗಿ ಅಪಾಯ ಅನ್ನುವುದು ಆ ಹೊತ್ತಿಗೆ ಐವತ್ತು ವರ್ಷದ ಹಳೆಯ ವಿಚಾರ. ಡೆಂಗಿ ಲಸಿಕೆಯ ಪ್ರಯೋಗಕ್ಕೆ ಹೊರಟವರು ಪ್ರತಿ ಮಗುವಿನ ಮೊದಲ ರಕ್ತವನ್ನು ಫ್ರೀಜರಿನಲ್ಲಿ ಇಟ್ಟಿರಬೇಕಿತ್ತು. ಖರ್ಚು ಆಗುತ್ತಿತ್ತು, ಮಕ್ಕಳು ಅಳುತ್ತಿದ್ದರು. ಆದರೂ ಇಡಬೇಕಿತ್ತು.

ಉತ್ತರ ಸಿಗದ ಕಾರಣ ವಯಸ್ಸಿನ ಗೆರೆ ಎಳೆದರು: ಒಂಬತ್ತು ವರ್ಷ ಮೇಲ್ಪಟ್ಟವರಿಗೆ. 2016ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಷರತ್ತು ಸೇರಿಸಿತು. ಆ ವಯಸ್ಸಿನವರಲ್ಲಿ ಸುಮಾರು ಶೇ 70ರಷ್ಟು ಮಂದಿಗೆ ಡೆಂಗಿ ಬಂದುಹೋಗಿರುವ ಜಾಗಗಳಲ್ಲಿ ಕೊಡಬಹುದು ಅಂತ. ಊರಿನ ಸರಾಸರಿಯನ್ನು ಮಗುವಿನ ರಕ್ತದ ಜಾಗದಲ್ಲಿ ಇಟ್ಟರು. ಆದರೆ ಸೊಳ್ಳೆ ಸರಾಸರಿ ನೋಡಿ ಕಚ್ಚುವುದಿಲ್ಲ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬಂದಿತ್ತು ಅಂತಲೇ ಇಟ್ಟುಕೊಳ್ಳೋಣ. ಎಂಟು ಲಕ್ಷದಲ್ಲಿ ಉಳಿದ ಹತ್ತನೇ ಒಂದು ಭಾಗ ಅಂದರೆ 80,000 ಮಕ್ಕಳು.

ಎಚ್ಚರಿಸಿದವರು ಇದ್ದರು. ಹಾಲ್ಸ್ಟೆಡ್ ಅವರೇ 2016ರಲ್ಲಿ ಬರೆದರು. ಫಿಲಿಪೀನ್ಸ್ ವಿಶ್ವವಿದ್ಯಾಲಯದ ವೈದ್ಯ ದಂಪತಿ ಆಂಟೋನಿಯೊ ಡಾನ್ಸ್ ಮತ್ತು ಲಿಯೊನಿಲಾ ಡಾನ್ಸ್ ಈ ಕಾರ್ಯಕ್ರಮದ ಬಗ್ಗೆ ಅನುಮಾನ ಎತ್ತಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಸಂಶೋಧಕ ನೀಲ್ ಫರ್ಗ್ಯೂಸನ್ ಮತ್ತು ಜೊತೆಗಾರರು ಗಣಿತದ ಲೆಕ್ಕ ಹಾಕಿ, ಈ ಲಸಿಕೆ ಸದ್ದಿಲ್ಲದ ಸೋಂಕಿನ ಹಾಗೆ ವರ್ತಿಸುತ್ತಿದೆ ಎಂದರು. ಚುಚ್ಚುಮದ್ದು ಮುಂದುವರಿಯಿತು.

ವೇಷ ಬೇರೆ, ಒಳಗಿನವನು ಬೇರೆ

ಈಗ ನನಗೆ ಬಹಳ ಇಷ್ಟವಾದ ಭಾಗ. ಕಳೆದುಹೋದ ಉತ್ತರವನ್ನು ಪ್ರತಿಕಾಯಗಳಿಂದಲೇ ಹುಡುಕಿ ತೆಗೆದದ್ದು.

ಮೊದಲ ರಕ್ತ ಇರಲಿಲ್ಲ ನಿಜ. ಆದರೆ 13ನೇ ತಿಂಗಳಿನಲ್ಲಿ, ಅಂದರೆ ಮೂರನೇ ಡೋಸ್ ಆಗಿ ಒಂದು ತಿಂಗಳಿಗೆ, ಪ್ರಯೋಗದ ಮಕ್ಕಳಿಂದ ರಕ್ತ ತೆಗೆದಿಟ್ಟಿದ್ದರು. ತೊಂದರೆ ಏನು? ಅಷ್ಟು ಹೊತ್ತಿಗೆ ಲಸಿಕೆ ಬಿದ್ದಾಗಿತ್ತು. ಮಾಮೂಲಿ ಐಜಿಜಿ ಪರೀಕ್ಷೆ ಮಾಡಿದರೆ ಎಲ್ಲರೂ ಪಾಸಿಟಿವ್. ಪ್ರತಿಕಾಯ ಹುಟ್ಟಿಸಿದ್ದು ಸೊಳ್ಳೆಯೋ ಸೂಜಿಯೋ ತಿಳಿಯುವುದಿಲ್ಲ.

ಇಲ್ಲಿ ಲಸಿಕೆ ಕಟ್ಟಿದ ರೀತಿಯೇ ಕೈ ಹಿಡಿಯಿತು. ಡೆಂಗ್ವಾಕ್ಸಿಯಾದ ವೈರಸ್ ಪೂರ್ತಿ ಡೆಂಗಿ ಅಲ್ಲ. ಹಳದಿ ಜ್ವರದ ಹಳೆಯ ಲಸಿಕೆಯ ವೈರಸ್ ತೆಗೆದುಕೊಂಡು, ಅದರ ಹೊರಗಿನ ಪ್ರೋಟೀನುಗಳನ್ನು ತೆಗೆದು, ಆ ಜಾಗದಲ್ಲಿ ಡೆಂಗಿಯ ಹೊರ ಪ್ರೋಟೀನುಗಳನ್ನು ಕೂರಿಸಿದ್ದಾರೆ. ನಾಲ್ಕು ಬಗೆಗೆ ನಾಲ್ಕು ವೈರಸ್. ಯಕ್ಷಗಾನದ ವೇಷದ ಹಾಗೆ ಅಂದುಕೊಳ್ಳಿ. ಕಿರೀಟ, ಬಣ್ಣ, ಆಭರಣ ಎಲ್ಲ ಡೆಂಗಿಯದು. ಒಳಗಿರುವ ಕಲಾವಿದ ಹಳದಿ ಜ್ವರ.

ಡೆಂಗಿ ವೈರಸ್ ಜೀವಕೋಶದ ಒಳಗೆ ಬೆಳೆಯುವಾಗ ಎನ್‌ಎಸ್‌1 ಅನ್ನುವ ಪ್ರೋಟೀನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದು ವೇಷದ ಭಾಗವಲ್ಲ, ಒಳಗಿನವನ ಗುರುತು. ಜ್ವರದ ಮೊದಲ ದಿನಗಳಲ್ಲಿ ನಾವು ಮಾಡಿಸುವ ಎನ್‌ಎಸ್‌1 ಪರೀಕ್ಷೆ ಹುಡುಕುವುದು ಆ ಪ್ರೋಟೀನನ್ನೇ. ಇಲ್ಲಿ ಮಾಡಿದ್ದು ಅದಲ್ಲ. ಡೆಂಗಿ ಎನ್‌ಎಸ್‌1ರ ವಿರುದ್ಧ ಮೈಯಲ್ಲಿ ಹುಟ್ಟಿದ ಐಜಿಜಿ ಪ್ರತಿಕಾಯ ಇದೆಯಾ ಅಂತ ನೋಡಿದರು. ನಿಜವಾದ ಡೆಂಗಿ ಬಂದಿದ್ದ ಮಗು ಒಳಗಿನವನನ್ನೂ ಕಂಡಿರುತ್ತದೆ, ಹಾಗಾಗಿ ಆ ಪ್ರತಿಕಾಯ ಇರುತ್ತದೆ. ಬರೀ ಲಸಿಕೆ ಪಡೆದ ಮಗು ಡೆಂಗಿಯ ವೇಷ ಮಾತ್ರ ಕಂಡಿದೆ. ಅದಕ್ಕೆ ಪರಿಚಯ ಇರುವುದು ಹಳದಿ ಜ್ವರದ ಎನ್‌ಎಸ್‌1.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರೂ ಸನೋಫಿಯವರೂ ಸೇರಿ ಈ ಪರೀಕ್ಷೆಯನ್ನು ರೂಪಿಸಿದರು. ಫ್ರೀಜರಿನಲ್ಲಿ ಮಲಗಿದ್ದ ಸೀರಂ ಹೊರಗೆ ಬಂತು. ಪರೀಕ್ಷೆ ಪೂರ್ತಿ ಶುದ್ಧವಾಗಿರಲಿಲ್ಲ. ಹಳದಿ ಜ್ವರದ ಎನ್‌ಎಸ್‌1ಗೂ ಡೆಂಗಿಯದಕ್ಕೂ ಸ್ವಲ್ಪ ಹೋಲಿಕೆ ಇರುವುದರಿಂದ, ಡೆಂಗಿ ಕಾಣದ ಕೆಲವು ಲಸಿಕೆ ಮಕ್ಕಳು ತಪ್ಪಾಗಿ 'ಬಂದಿತ್ತು' ಅನ್ನುವ ಗುಂಪಿಗೆ ಸೇರುತ್ತಿದ್ದರು. ಅದಕ್ಕಾಗಿ ಬೇರೆ ಬೇರೆ ಲೆಕ್ಕದ ದಾರಿಗಳಲ್ಲೂ ತಾಳೆ ನೋಡಿದರು. ಎಲ್ಲ ದಾರಿಯೂ ಒಂದೇ ಕಡೆ ಬಂದು ನಿಂತಿತು.

9ರಿಂದ 16 ವರ್ಷದವರಲ್ಲಿ ಐದು ವರ್ಷದಲ್ಲಿ ಡೆಂಗಿಯಿಂದ ಆಸ್ಪತ್ರೆ ಸೇರಿದವರ ಲೆಕ್ಕ ಹೀಗಿದೆ. ಮೊದಲೇ ಡೆಂಗಿ ಬಂದಿದ್ದವರಲ್ಲಿ: ಲಸಿಕೆ ಪಡೆದವರು ಶೇ 0.38, ಪಡೆಯದವರು ಶೇ 1.88. ಡೆಂಗಿ ಕಾಣದವರಲ್ಲಿ: ಲಸಿಕೆ ಪಡೆದವರು ಶೇ 1.57, ಪಡೆಯದವರು ಶೇ 1.09. ಸರಳವಾಗಿ ಹೇಳುವುದಾದರೆ, ಹಿಂದೆ ಡೆಂಗಿ ಬಂದಿದ್ದ ಸಾವಿರ ಮಕ್ಕಳಿಗೆ ಲಸಿಕೆ ಕೊಟ್ಟರೆ 15 ಮಕ್ಕಳು ಆಸ್ಪತ್ರೆ ಸೇರುವುದು ತಪ್ಪುತ್ತದೆ. ಡೆಂಗಿ ಕಾಣದ ಸಾವಿರ ಮಕ್ಕಳಿಗೆ ಕೊಟ್ಟರೆ 5 ಮಕ್ಕಳು ಹೆಚ್ಚಾಗಿ ಆಸ್ಪತ್ರೆ ಸೇರುತ್ತಾರೆ.

ವಯಸ್ಸಿನ ಗೆರೆ ಅಪಾಯವನ್ನು ಕಡಿಮೆ ಮಾಡಿತ್ತು, ಅಳಿಸಿರಲಿಲ್ಲ. ಒಂಬತ್ತು ದಾಟಿದವರಲ್ಲೂ ಡೆಂಗಿ ಕಾಣದವರಿಗೆ ಹಾನಿಯೇ ಆಗಿತ್ತು. ಅಲ್ಲಿಯವರೆಗೆ ವಯಸ್ಸು ಅಂತ ಹೆಸರಿಟ್ಟಿದ್ದರ ಹಿಂದೆ ಬಹುಮಟ್ಟಿಗೆ ಇದ್ದದ್ದು 'ಮೊದಲ ಸಲವೋ ಎರಡನೇ ಸಲವೋ' ಅನ್ನುವ ಪ್ರಶ್ನೆ.

ನವೆಂಬರ್ 29ರ ನಂತರ

2017ರ ನವೆಂಬರ್ 29ರಂದು ಕಂಪನಿ ಇದನ್ನು ಪ್ರಕಟಿಸಿತು. ಡಿಸೆಂಬರ್ 1ರಂದು ಆರೋಗ್ಯ ಮಂತ್ರಿ ಫ್ರಾನ್ಸಿಸ್ಕೊ ಡೂಕೆ ಕಾರ್ಯಕ್ರಮ ನಿಲ್ಲಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಆ ದಿನಗಳಲ್ಲಿ ಒಬ್ಬ ತಾಯಿಯ ಜಾಗದಲ್ಲಿ ನಿಂತು ಯೋಚಿಸಿ. ಮಗಳಿಗೆ ಎರಡು ಡೋಸ್ ಆಗಿದೆ. ಅವಳಿಗೆ ಮೊದಲೇ ಡೆಂಗಿ ಬಂದಿದ್ದರೆ ಲಸಿಕೆ ಕಾಪಾಡುತ್ತದೆ. ಬಂದಿಲ್ಲದಿದ್ದರೆ ಮುಂದಿನ ಮಳೆಗಾಲ ಭಯ. ಯಾವುದು ಅಂತ ಹೇಳುವವರಿಲ್ಲ. ಹತ್ತಿರದ ಲ್ಯಾಬಿಗೆ ಹೋಗಿ ಐಜಿಜಿ ಮಾಡಿಸಿದರೆ ಪಾಸಿಟಿವ್ ಬರಬಹುದು, ಆದರೆ ಅದು ಲಸಿಕೆಯದ್ದೇ ಇರಬಹುದು. ಸಂಶೋಧಕರ ಎನ್‌ಎಸ್‌1 ಪರೀಕ್ಷೆ ಬೀದಿ ಲ್ಯಾಬಿನಲ್ಲಿ ಸಿಗುವಂಥದ್ದಲ್ಲ. ಆಮೇಲೆ ಆ ಮಗುವಿಗೆ ಗಂಭೀರ ಡೆಂಗಿ ಬಂದೇ ಬಿಟ್ಟರೂ, ಅದು ಲಸಿಕೆಯಿಂದ ಹೆಚ್ಚಾಯಿತೋ, ಲಸಿಕೆ ಇಲ್ಲದಿದ್ದರೂ ಹಾಗೇ ಆಗುತ್ತಿತ್ತೋ ಅಂತ ಒಂದು ಮಗುವಿನ ಮಟ್ಟದಲ್ಲಿ ತೀರ್ಮಾನಿಸುವ ಪರೀಕ್ಷೆ ಯಾವುದೂ ಇಲ್ಲ. ಸಾವಿರ ಮಕ್ಕಳ ಲೆಕ್ಕದಲ್ಲಿ ಸತ್ಯ ಕಾಣುತ್ತದೆ, ಒಬ್ಬಳ ಲೆಕ್ಕದಲ್ಲಿ ಕಾಣುವುದಿಲ್ಲ. ಮಗುವನ್ನು ಕಳೆದುಕೊಂಡ ಮನೆಗೆ ಇದನ್ನು ಹೇಗೆ ಹೇಳುವುದು?

ಕೋರ್ಟು, ವಿಚಾರಣೆ, ಮೆರವಣಿಗೆ ಎಲ್ಲ ನಡೆದವು. ಅದರ ವಿವರಕ್ಕೆ ಹೋಗುವುದಿಲ್ಲ. ಆದರೆ ಒಂದು ಸಂಖ್ಯೆ ಹೇಳಲೇಬೇಕು. ಲಸಿಕೆಗಳು ಮುಖ್ಯ ಅಂತ ಗಟ್ಟಿಯಾಗಿ ಒಪ್ಪುವ ಫಿಲಿಪೀನ್ಸ್ ಜನ 2015ರಲ್ಲಿ ಶೇ 93 ಇದ್ದರು. 2018ರಲ್ಲಿ ಶೇ 32. ಡೆಂಗಿ ಲಸಿಕೆಯ ಮೇಲಿನ ಸಿಟ್ಟು ಎಲ್ಲ ಲಸಿಕೆಗಳ ಮೇಲೂ ಬಿತ್ತು. ದಡಾರದ ಲಸಿಕೆ ಮೊದಲೇ ಕುಂಟುತ್ತಿತ್ತು, ಈಗ ಇನ್ನಷ್ಟು ಕುಸಿಯಿತು. 2019ರಲ್ಲಿ ದಡಾರ ಹಬ್ಬಿ 40,000ಕ್ಕೂ ಹೆಚ್ಚು ಮಂದಿಗೆ ತಗುಲಿತು, 500ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಪುಟ್ಟ ಮಕ್ಕಳು. ಅದೇ ವರ್ಷ ಫೆಬ್ರುವರಿಯಲ್ಲಿ ಡೆಂಗ್ವಾಕ್ಸಿಯಾದ ಪರವಾನಗಿ ರದ್ದಾಯಿತು. ಅದೇ ವರ್ಷ ಡೆಂಗಿಯೂ 4 ಲಕ್ಷ ದಾಟಿತು. ಡೆಂಗಿ ಬಂದುಹೋಗಿದ್ದ ಎಷ್ಟೋ ಮಕ್ಕಳಿಗೆ ಆಗ ಈ ಲಸಿಕೆ ಕಾವಲಾಗುತ್ತಿತ್ತು. ಅದೂ ಕೈ ತಪ್ಪಿತು.

ಈ ಗಲಾಟೆಯ ನಡುವೆ ಸೆಬು ದ್ವೀಪದಲ್ಲಿ ಒಂದು ಒಳ್ಳೆಯ ಕೆಲಸ ಸದ್ದಿಲ್ಲದೆ ನಡೆದಿತ್ತು. 2017ರ ಜೂನ್‌ನಲ್ಲಿ ಅಲ್ಲಿ ಚುಚ್ಚುಮದ್ದು ಶುರುವಾಗುವ ಮೊದಲೇ ಫಿಲಿಪೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬೊಗೊ ಮತ್ತು ಬಲಂಬನ್ ಊರುಗಳಿಗೆ ಹೋಗಿ, 9ರಿಂದ 14 ವರ್ಷದ ಸುಮಾರು 3,000 ಮಕ್ಕಳ ರಕ್ತ ತೆಗೆದಿಟ್ಟಿದ್ದರು. ಆಮೇಲೆ ಆ ಮಕ್ಕಳಲ್ಲಿ ಕೆಲವರಿಗೆ ಒಂದು ಡೋಸ್ ಬಿತ್ತು, ಕೆಲವರಿಗೆ ಬೀಳಲಿಲ್ಲ. ಎರಡನೇ ಡೋಸ್ ಹೊತ್ತಿಗೆ ಕಾರ್ಯಕ್ರಮವೇ ನಿಂತಿತು. ಆದರೆ ಮೊದಲ ರಕ್ತ ಅವರ ಬಳಿ ಇತ್ತು. ಡೆಂಗಿ ಕಾಣದವರು, ಒಮ್ಮೆ ಕಂಡವರು, ಹಲವು ಸಲ ಕಂಡವರು ಅಂತ ಮಕ್ಕಳನ್ನು ವಿಂಗಡಿಸಿ ವರ್ಷಗಟ್ಟಲೆ ಹಿಂಬಾಲಿಸಲು ಅವರಿಗೆ ಸಾಧ್ಯವಾಯಿತು. ಕೋಟಿಗಟ್ಟಲೆ ಹಣದ ಪ್ರಯೋಗದಲ್ಲಿ ಆಗದ್ದು ಎರಡು ಸಣ್ಣ ಊರುಗಳಲ್ಲಿ ಆಯಿತು.

ಮೊದಲು ಪರೀಕ್ಷೆ, ಆಮೇಲೆ ಲಸಿಕೆ

2018ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಬದಲಿಸಿತು. ರಕ್ತ ನೋಡಿ, ಹಿಂದೆ ಸೋಂಕು ಆಗಿದ್ದವರಿಗೆ ಮಾತ್ರ ಕೊಡಿ. 2019ರ ಮೇನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗಲೂ ಇದೇ ಷರತ್ತು: 9ರಿಂದ 16 ವರ್ಷದವರು, ಲ್ಯಾಬಿನಲ್ಲಿ ಖಚಿತವಾದ ಹಳೆಯ ಸೋಂಕು, ಡೆಂಗಿ ಇರುವ ಜಾಗದಲ್ಲಿ ವಾಸ.

ಅಂದರೆ ಪರೀಕ್ಷೆಯ ಮೇಲೆ ಭಾರ ಬಿತ್ತು. ಯಾವ ಥರದ ತಪ್ಪು ಹೆಚ್ಚು ಕೆಟ್ಟದ್ದು ಅನ್ನುವುದು ಇಲ್ಲಿ ಮುಖ್ಯ. ಡೆಂಗಿ ಬಂದಿದ್ದ ಮಗುವನ್ನು 'ಬಂದಿಲ್ಲ' ಅಂದರೆ ಅದಕ್ಕೆ ಲಸಿಕೆ ಸಿಗುವುದಿಲ್ಲ, ಅಷ್ಟೇ. ಬಾರದ ಮಗುವನ್ನು 'ಬಂದಿದೆ' ಅಂದರೆ ನಾವೇ ಕೈಯಾರೆ ಅಪಾಯ ಕೊಟ್ಟ ಹಾಗೆ. ಅದಕ್ಕೇ ಅಮೆರಿಕದ ತಜ್ಞರು 2021ರಲ್ಲಿ ಪರೀಕ್ಷೆಗೆ ಹಾಕಿದ ಅಳತೆಯಲ್ಲಿ ಸಮತೂಕ ಇಲ್ಲ. ನಿಜವಾಗಿ ಬಂದವರಲ್ಲಿ ಶೇ 75 ಮಂದಿಯನ್ನು ಹಿಡಿದರೂ ಸಾಕು. ಆದರೆ ಬಾರದವರಲ್ಲಿ ಶೇ 98 ಮಂದಿಯನ್ನು ಸರಿಯಾಗಿ 'ಇಲ್ಲ' ಅನ್ನಲೇಬೇಕು.

ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಮಕ್ಕಳಲ್ಲಿ 800 ಮಂದಿಗೆ ಡೆಂಗಿ ಬಂದಿರುವ ಊರು. ಬಾರದವರು 200. ಶೇ 98ರ ಪರೀಕ್ಷೆಯಲ್ಲಿ 4 ಮಕ್ಕಳು ತಪ್ಪಿ ನುಸುಳುತ್ತಾರೆ. ಈಗ 300 ಮಂದಿಗೆ ಮಾತ್ರ ಬಂದಿರುವ ಊರು. ಬಾರದವರು 700, ನುಸುಳುವವರು 14. ಅದೇ ಪರೀಕ್ಷೆ ಶೇ 90ರ ಮಟ್ಟದ್ದಾದರೆ ಈ ಎರಡನೇ ಊರಿನಲ್ಲಿ 70 ಮಕ್ಕಳು. ಒಂದೇ ಕಿಟ್, ಬೇರೆ ಊರಿನಲ್ಲಿ ಬೇರೆ ಅರ್ಥ.

ಮೂರು ಡೋಸ್, ಅದಕ್ಕೂ ಮೊದಲು ರಕ್ತ ಪರೀಕ್ಷೆ. ಇಷ್ಟು ಓಡಾಟಕ್ಕೆ ಜನ ಸಿದ್ಧರಿರಲಿಲ್ಲ. ಬೇಡಿಕೆ ಇಲ್ಲ ಅಂತ ಕಂಪನಿ ಕೊನೆಗೆ ತಯಾರಿಕೆಯನ್ನೇ ನಿಲ್ಲಿಸಿತು.

ನಮ್ಮ ಮನೆ ಬಾಗಿಲಿಗೆ

2017-18ರಲ್ಲಿ ಭಾರತದ 15 ರಾಜ್ಯಗಳಲ್ಲಿ 12,300 ಜನರ ರಕ್ತ ಪರೀಕ್ಷೆ ನಡೆದಿತ್ತು. ಒಟ್ಟಾರೆ ಶೇ 48.7 ಮಂದಿಯಲ್ಲಿ ಡೆಂಗಿ ಪ್ರತಿಕಾಯ ಇತ್ತು. ದಕ್ಷಿಣದಲ್ಲಿ ಶೇ 76.9. ಅಂದರೆ ನಮ್ಮ ಕಡೆ ದೊಡ್ಡವರಲ್ಲಿ ಬಹುತೇಕರಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಒಮ್ಮೆ ಬಂದುಹೋಗಿದೆ. ಮುಂದೆ ಬರುವುದು ಎರಡನೆಯದಾಗಿರಬಹುದು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿರಬಹುದು.

ಅದೇ ವರ್ಷ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಪನೇಸಿಯಾ ಬಯೋಟೆಕ್ ಕಂಪನಿ ಸೇರಿ 'ಡೆಂಗಿಆಲ್' ಅನ್ನುವ ಲಸಿಕೆಯ ಮೂರನೇ ಹಂತದ ಪ್ರಯೋಗ ಶುರು ಮಾಡಿದವು. ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರು, ಒಂದೇ ಡೋಸ್. ಇದನ್ನು ಕಟ್ಟಿರುವ ರೀತಿ ಬೇರೆ. ಒಳಗಿರುವುದೂ ಡೆಂಗಿಯೇ, ಬಲ ಕುಗ್ಗಿಸಿದ ಡೆಂಗಿ. ಜಪಾನಿನ ತಕೇಡಾ ಕಂಪನಿಯ ಲಸಿಕೆಯಲ್ಲೂ ಒಳಗಿನ ಮೈ ಎರಡನೇ ಬಗೆಯ ಡೆಂಗಿಯದು. ರಕ್ಷಣೆಯ ದೃಷ್ಟಿಯಿಂದ ಇದು ಒಳ್ಳೆಯದಿರಬಹುದು, ಯಾಕೆಂದರೆ ಮೈ ಡೆಂಗಿಯನ್ನು ಪೂರ್ತಿಯಾಗಿ ನೋಡುತ್ತದೆ. ಆದರೆ ಈ ಲಸಿಕೆಗಳು ತಾವೇ ಡೆಂಗಿ ಎನ್‌ಎಸ್‌1 ತಯಾರಿಸುತ್ತವೆ. ಹಾಗಾಗಿ ಫಿಲಿಪೀನ್ಸ್ ಪ್ರಕರಣದಲ್ಲಿ ಕೈ ಹಿಡಿದ ವೇಷದ ಉಪಾಯ ಇಲ್ಲಿ ನಡೆಯುವುದಿಲ್ಲ. ಲಸಿಕೆ ಬಿದ್ದ ಮೇಲೆ ಹಿಂದಿನದನ್ನು ಹುಡುಕಲು ಹೊರಟರೆ ಗುರುತು ಅಳಿಸಿಹೋಗಿರುತ್ತದೆ. ಮೊದಲ ರಕ್ತ ಮೊದಲೇ ತೆಗೆದಿಡಬೇಕು.

ನನ್ನ ಮಗಳಿಗೆ ಏಳನೇ ವಯಸ್ಸಿನಲ್ಲಿ ಜ್ವರ ಬಂದಾಗ ಮೂರನೇ ದಿನ ಎನ್‌ಎಸ್‌1 ಪಾಸಿಟಿವ್ ಬಂದಿತ್ತು. ಆರನೇ ದಿನ ಐಜಿಎಂ ಪಾಸಿಟಿವ್, ಐಜಿಜಿ ನೆಗೆಟಿವ್. ಮೊದಲ ಸಲದ ಡೆಂಗಿಯ ಗುರುತು. ಆಸ್ಪತ್ರೆಯ ಬಿಲ್ಲುಗಳನ್ನೆಲ್ಲ ಆಮೇಲೆ ಎಸೆದೆವು. ಆ ಎರಡು ರಿಪೋರ್ಟುಗಳನ್ನು ಮಾತ್ರ ಅವಳ ತಾಯಿ ಕಾರ್ಡಿನ ಒಳಗೆ, ಲಸಿಕೆಗಳ ಪುಟಕ್ಕೆ ಪಿನ್ ಮಾಡಿ ಇಟ್ಟಿದ್ದೇನೆ.